ಒದ್ದೆಗಾಲಿಗೆ ಕಟ್ಟಿದ ಚೀಟಿ

ಡಿಸೆಂಬರ್ 28, ಬೆಳಿಗ್ಗೆ 6.10

ಬಂದು ಹನ್ನೊಂದು ದಿನವಾಯಿತು. ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಡಿಪೋದಲ್ಲಿ ಬರೆದದ್ದೆಲ್ಲ ಬಸ್ಸಿನ ನಂಬರು, ಬಂದ ಹೊತ್ತು, ಹೊರಟ ಹೊತ್ತು. ಆದರೆ ಇಲ್ಲಿ ಏನಾದರೂ ಬರೆಯದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ಇಪ್ಪತ್ತಾರು ವರ್ಷ ದಿನಕ್ಕೆ ನೂರ ನಲವತ್ತು ಬಸ್ಸಿಗೆ ವಿಷಲ್ ಊದಿದವಳನ್ನು ತಂದು, ಏನೂ ಹೊರಡದ, ಏನೂ ಬಾರದ ಮನೆಯಲ್ಲಿ ಕೂರಿಸಿದಂತಾಗಿದೆ.

ಕೂರಿಸಿದವರು ಯಾರೂ ಇಲ್ಲ, ನಾನೇ ಬಂದೆ. ನವೆಂಬರಿನಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು "ಜೊತೆಗೆ ಯಾರಿರ್ತೀರಿ?" ಅಂದರು. ಅಕ್ಕನಿಗೆ ಮದುವೆಯಿಲ್ಲ, ನಮ್ಮೆಜಮಾನರು ಹೋಗಿ ಒಂಬತ್ತು ವರ್ಷ. ಸುತ್ತ ನೋಡಿದೆ, ನನ್ನನ್ನು ಬಿಟ್ಟರೆ ಗೋಡೆ. ಆರು ತಿಂಗಳ ರಜೆ ಬರೆದುಕೊಟ್ಟೆ.

ಮಾತು ಪೂರ್ತಿ ಹೋಗಿಲ್ಲ, ಒಂದು ಉಳಿದಿದೆ. "ಆಮೇಲೆ." ಟೀ ಕುಡೀತೀಯಾ ಅಂದರೆ ಆಮೇಲೆ. ಕಾಲು ನೋಯ್ತಿದೆಯಾ? ಆಮೇಲೆ. ನಾನು ಯಾರು ಹೇಳು? ಆಮೇಲೆ. ಟೀ ಕೊಟ್ಟರೆ ಕುಡಿಯುತ್ತಾಳೆ, ಹಾಗಾಗಿ ಅದು ಬೇಡ ಅಂತಲೂ ಅಲ್ಲ. ಅಷ್ಟೊಂದು ಮಾತುಗಳಲ್ಲಿ ದೇವರು ಇದೊಂದನ್ನೇ ಯಾಕೆ ಉಳಿಸಿದನೋ. ಜನ್ಮಪೂರ್ತಿ ಅವಳು ಆಡಿದ್ದೂ ಅದನ್ನೇ. ಸ್ನಾನಕ್ಕೆ ಕರೆದರೆ ಆಮೇಲೆ, ಊಟಕ್ಕೆ ಕರೆದರೆ ಆಮೇಲೆ, ಗಂಡು ನೋಡೋಣವಾ ಅಂದರೆ ಆಮೇಲೆ. ಕೊನೆಗೆ ಗಂಡುಗಳೇ ಮುಗಿದುಹೋದರು.

ಅಮ್ಮ ಹೇಳುತ್ತಿದ್ದಳು: "ಇವಳು ಏಳು ತಿಂಗಳಿಗೇ ಹೊರಗೆ ಬಿದ್ದಳು, ಅವಳು ಹತ್ತು ತುಂಬಿದರೂ ಬರಲಿಲ್ಲ. ಇಬ್ಬರನ್ನೂ ಕಲಸಿ ಎರಡು ಮಾಡಿದ್ರೆ ಸರಿಯಾದ ಮಕ್ಕಳಾಗ್ತಿದ್ರು."

ಸ್ನಾನದ ಕೋಣೆಯ ಹಿಂದಿನ ನಲ್ಲಿ ಸೋರುತ್ತದೆ. ನಿಮಿಷಕ್ಕೆ ಮೂವತ್ತೆಂಟು ಹನಿ.

ಜನವರಿ 3, ಬೆಳಿಗ್ಗೆ 11.25

ಮಾತಿನ ಟೀಚರ್ ಬಂದು ಹೋದರು. ಲಕ್ವ ಹೊಡೆದವರಿಗೆ ಮತ್ತೆ ಮಾತು ಕಲಿಸುವುದು ಅವರ ಕೆಲಸ, ವಾರಕ್ಕೆರಡು ಸಲ ಆಸ್ಪತ್ರೆಯಿಂದ ಬರುತ್ತಾರೆ. ಬೆಕ್ಕಿನ ಚಿತ್ರ ತೋರಿಸಿದರು. ಆಮೇಲೆ. ಚಮಚದ ಚಿತ್ರ. ಆಮೇಲೆ. ಟೀಚರ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನಗೆ ಮಾತ್ರ ಬೆಕ್ಕನ್ನೂ ಚಮಚವನ್ನೂ ಕಿಟಕಿಯಿಂದ ಆಚೆ ಎಸೆಯುವಷ್ಟಾಯಿತು.

"ತಲೆಯೊಳಗೆ ಎಲ್ಲ ಮಾತೂ ಇದೆ ಕಣ್ರೀ. ಬಾಗಿಲ ಹತ್ರ ಇದೊಂದೇ ನಿಂತಿದೆ. ಏನು ಹೇಳ್ಬೇಕಂದ್ರೂ ಇದನ್ನೇ ಕಳಿಸ್ತಾರೆ. ನೀವು ಮಾತು ಕೇಳ್ಬೇಡಿ, ರಾಗ ಕೇಳಿ."

"ರಾಗ ಕೇಳೋಕೆ ನಾನೇನು ಸಂಗೀತದವಳಾ? ವಿಷಲ್ ಊದೋಳು. ಎಷ್ಟು ದಿನ ಬೇಕು, ಅದನ್ನ ಹೇಳಿ."

"ದಿನ ಹೇಳಕ್ಕಾಗಲ್ಲ."

ದಿನ ಹೇಳಲಾಗದ ಕೆಲಸವೂ ಒಂದು ಕೆಲಸವಾ? ಇವತ್ತು ಗಂಜಿ ಕುಡಿಸಲು ನಲವತ್ತೊಂದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಡಿಪೋದಿಂದ ಆರು ಬಸ್ ಹೊರಟಿರುತ್ತಿದ್ದವು.

ಗಂಜಿ ಆದ ಮೇಲೆ ಅವಳನ್ನು ಕಿಟಕಿಯ ಕುರ್ಚಿಯಲ್ಲಿ ಕೂರಿಸುತ್ತೇನೆ. ಅಂಗಳದಲ್ಲಿ ಬಲೆ ಹೊದಿಸಿದ ಕಟ್ಟೆಯ ಮೇಲೆ ಇಪ್ಪತ್ತೊಂದು ಕುಂಡ. ಬೆಟ್ಟದ ಗಿಡಗಳ ಸರ್ಕಾರಿ ನರ್ಸರಿ ಇದು, ಮನೆ ಅದರ ಕ್ವಾರ್ಟರ್ಸ್. ಚಳಿಗಾಲಕ್ಕೆ ಕೆಲಸದವರೆಲ್ಲ ಕೆಳಗೆ ಹೋಗುತ್ತಾರೆ, ಇಲ್ಲಿ ಉಳಿಯುವವಳು ಅಕ್ಕ ಒಬ್ಬಳೇ. ಆ ಇಪ್ಪತ್ತೊಂದು ಅವಳ ಒದ್ದೆಗಾಲಿಗಳು. ಮೇಲಿನ ಜೌಗು ಹುಲ್ಲುಗಾವಲಿನ ಹೂವಂತೆ, ಕಾಲು ಸದಾ ನೀರಲ್ಲಿರಬೇಕಂತೆ, ಅದಕ್ಕೇ ಆ ಹೆಸರು. ರಸ್ತೆ ಅಗಲ ಮಾಡಿದಾಗ ಆ ಹುಲ್ಲುಗಾವಲು ಮಣ್ಣಿನಡಿ ಹೋಯಿತು. ಅದಕ್ಕೆ ಮೊದಲು ಅಕ್ಕ ಒಂದು ಲಕೋಟೆ ಬೀಜ ಆರಿಸಿ ತಂದಿದ್ದಳು. ನನಗೆ ಗೊತ್ತಿರುವುದು ಇಷ್ಟೇ. ಫೋನಿನಲ್ಲಿ ಅವಳು ಒದ್ದೆಗಾಲಿ ಅಂತ ಶುರು ಮಾಡಿದರೆ ನಾನು "ಬಸ್ ಬಂತು" ಅಂತ ಇಟ್ಟುಬಿಡುತ್ತಿದ್ದೆ.

ಈಗ ಆ ಕುಂಡಗಳಲ್ಲಿ ಬರೀ ಮಣ್ಣು. ಒಂದು ಎಲೆಯೂ ಇಲ್ಲ.

ಜನವರಿ 9, ಸಂಜೆ 4.50

ಇವತ್ತು ಒಂದು ಕೆಲಸ ಮಾಡಿದೆ! ಬಂದ ಮೇಲೆ ಮೊದಲ ಸಲ ಕೈಕಾಲು ನನ್ನವು ಅನ್ನಿಸಿತು.

ಬೆಳಿಗ್ಗೆ ಕಟ್ಟೆಯ ಹತ್ತಿರ ಹೋಗಿ ನೋಡಿದೆ. ಪ್ರತಿ ಕುಂಡಕ್ಕೂ ತಂತಿಯಲ್ಲಿ ಒಂದು ಚೀಟಿ ಕಟ್ಟಿದೆ, ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಒಂದೇ ಅಕ್ಷರ: ಮ. ಇಪ್ಪತ್ತೊಂದಕ್ಕೂ ಮ. ಯಾರಿಗಾದರೂ ತಲೆ ಕೆರೆದುಕೊಳ್ಳುವಂತಾಗಬಹುದು, ನನಗೆ ಅರ್ಥವಾಗಲು ಅರೆನಿಮಿಷ ಬೇಕಾಗಲಿಲ್ಲ. ಡಿಪೋ ರಿಜಿಸ್ಟರಿನಲ್ಲಿ ನಾವೂ ಹೀಗೇ ಬರೆಯುವುದು. ತ ಅಂದರೆ ತಡ, ರ ಅಂದರೆ ರದ್ದು, ಕೆ ಅಂದರೆ ಕೆಟ್ಟು ನಿಂತಿದೆ. ಮ ಅಂದರೆ ಮಡಿದಿದೆ. ಅಕ್ಕ ಆಸ್ಪತ್ರೆಯಲ್ಲಿದ್ದಾಗ ನೀರು ಹಾಕುವವರಿಲ್ಲದೆ ಎಲ್ಲ ಒಣಗಿವೆ, ಯಾರೋ ಬಂದು ನೋಡಿ ಚೀಟಿ ಕಟ್ಟಿ ಹೋಗಿದ್ದಾರೆ. ಇವಳು ದಿನವೂ ಕಿಟಕಿಯಲ್ಲಿ ಕೂತು ಸತ್ತ ಗಿಡಗಳ ಮುಖ ನೋಡುತ್ತಿದ್ದಾಳೆ. ಹೀಗಾದರೆ ಹುಷಾರಾಗುವುದು ಹೇಗೆ?

"ಅಕ್ಕಾ, ಆ ಸತ್ತ ಕುಂಡಗಳನ್ನ ತೆಗೆದುಬಿಡ್ಲಾ?" ಅಂತ ಕೇಳಿದೆ.

"ಆಮೇಲೆ. ಆಮೇಲೆ! ಆಮೇಲೆ!"

ಮೂರು ಸಲ. ಟೀಗೆ ಒಂದೇ ಸಲ ಅನ್ನುತ್ತಾಳೆ. ಆಮೇಲೆ ಅಂದದ್ದನ್ನೆಲ್ಲ ಕೇಳಿಕೊಂಡು ಕೂತಿದ್ದರೆ ಈ ಮನೆಯಲ್ಲಿ ಒಲೆಯೂ ಹೊತ್ತುವುದಿಲ್ಲ. ಮಾತ್ರೆ ತಗೊಂಡು ಅವಳು ಮಲಗಿದ ಹೊತ್ತಿನಲ್ಲಿ ಇಪ್ಪತ್ತೊಂದೂ ಕುಂಡವನ್ನು ನಲ್ಲಿಯ ಹಿಂದಿನ ಇಳಿಜಾರಿಗೆ ಬೋರಲು ಹಾಕಿದೆ. ಕುಂಡಗಳನ್ನು ಉಜ್ಜಿ ತೊಳೆದೆ. ದೊಡ್ಡದು ಕೆಳಗೆ, ಸಣ್ಣದು ಮೇಲೆ, ಮೂರು ಸಾಲು ಜೋಡಿಸಿದೆ. ಒಂದು ಗಂಟೆ ಐವತ್ತು ನಿಮಿಷ. ನೋಡಿದರೆ ಕಣ್ಣು ತುಂಬುತ್ತದೆ.

ಜನವರಿ 10, ಬೆಳಿಗ್ಗೆ 10.05

ಕುರ್ಚಿಯಲ್ಲಿ ಕೂರಿಸಿದೆ. ಅಂಗಳ ನೋಡಿದಳು. ಎಡಗೈಯಿಂದ ಗಾಜಿಗೆ ಬಡಿದಳು, ಗಾಜು ಒಡೆಯುತ್ತದೇನೋ ಅನ್ನುವಷ್ಟು. ಆಮೇಲೆ ಆಮೇಲೆ ಆಮೇಲೆ ಅಂತ ಕೂಗಿ ಕೂಗಿ ಗಂಟಲು ಕಟ್ಟಿತು. ಇನ್ನೊಂದು ಸಲ ಲಕ್ವ ಹೊಡೆಯಿತೋ ಎಂದು ಆಸ್ಪತ್ರೆಗೆ ಫೋನು ಮಾಡಿದೆ.

ಹಾಗೇನಿಲ್ಲವಂತೆ.

ಜನವರಿ 22, ಮಧ್ಯಾಹ್ನ 1.15

ಹನ್ನೆರಡು ದಿನದಿಂದ ಅಕ್ಕ ಗೋಡೆಯ ಕಡೆ ತಿರುಗಿದ್ದಾಳೆ. ಗಂಜಿ ಮೂರು ಚಮಚಕ್ಕೆ ನಿಲ್ಲುತ್ತದೆ. ಇರುವ ಒಂದು ಮಾತನ್ನೂ ಆಡುತ್ತಿಲ್ಲ. ಟೀಚರ್ ಮೂರು ಸಲ ಬಂದು ಚಿತ್ರದ ಕಟ್ಟು ಬಿಚ್ಚದೆ ಹೋದರು.

"ಏನಾಯ್ತು ಇವ್ರಿಗೆ?" ಅಂದರು.

"ನನಗೇನು ಗೊತ್ತು, ಮನೆ ಶುಚಿ ಮಾಡಿದ್ದಕ್ಕೆ ಕೋಪ."

ಮಾಡುವುದೂ ನಾನು, ಬೈಸಿಕೊಳ್ಳುವುದೂ ನಾನು. ಅದೂ ಬಾಯಿಲ್ಲದವಳ ಕೈಲಿ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಅಡುಗೆಮನೆಯಿಂದ ಬಾಗಿಲಿಗೆ ಹದಿನಾಲ್ಕು ಹೆಜ್ಜೆ, ಬಾಗಿಲಿಂದ ಹಾಸಿಗೆಗೆ ಒಂಬತ್ತು. ನಲ್ಲಿ ರಿಪೇರಿಯವನಿಗೆ ನಾಲ್ಕನೇ ಸಲ ಫೋನು ಮಾಡಿದೆ. ನಾಳೆ ಬರ್ತೀನಿ ಅಂದ. ಅವನೂ ಅಕ್ಕನ ಜಾತಿಯವನೇ.

ಫೆಬ್ರವರಿ 2, ಮಧ್ಯಾಹ್ನ 2.30

ಬೇಗ ಬರೆದಿಟ್ಟು ಹೊರಡಬೇಕು.

ಸುಮ್ಮನಿರಲಾರದೆ ಇವತ್ತು ಅಂಗಳದ ಶೆಡ್ ಗುಡಿಸಲು ಹೋದೆ. ಗೂಟಕ್ಕೆ ತೂಗುಹಾಕಿದ್ದ ಅಕ್ಕನ ಕೆಲಸದ ಪುಸ್ತಕ ಸಿಕ್ಕಿತು. ಕೊನೆಯ ಪುಟ ಬರೆದದ್ದು ನವೆಂಬರ್ 4, ಲಕ್ವ ಹೊಡೆಯುವುದಕ್ಕೆ ಐದು ದಿನ ಮುಂಚೆ. ಅದನ್ನು ಇಲ್ಲಿ ಇದ್ದ ಹಾಗೆಯೇ ನಕಲು ಮಾಡುತ್ತೇನೆ.

"ಎಲೆ ಬಾಡಿ ಉದುರಿತು. ಇಪ್ಪತ್ತೊಂದೂ ಮಲಗಿದವು. ಎಲ್ಲಕ್ಕೂ ಮ ಚೀಟಿ ಕಟ್ಟಿದೆ. ಬೇಸಿಗೆ ಹೊತ್ತಿಗೆ ಒಂದೊಂದಾಗಿ ಎದ್ದಂತೆ ಎ ಕಟ್ಟುವುದು. ಐದನೇ ವರ್ಷ. ಈ ಸಲ ಹೂ ಬಿಡಬಹುದು."

ಮಲಗಿದೆ. ಎದ್ದಿದೆ. ಮ ಅಂದರೆ ಮಲಗಿದೆ.

ಹಿಂದಿನ ಪುಟಗಳನ್ನೂ ಓದಿದೆ. ಪ್ರತಿವರ್ಷ ಮೈಯೆಲ್ಲ ಬಿಟ್ಟು ಬೇರಿನೊಳಗೆ ಸೇರಿಕೊಳ್ಳುತ್ತದಂತೆ, ಮೇಲೆ ಏನೂ ಕಾಣುವುದಿಲ್ಲವಂತೆ. ಮೊದಲ ವರ್ಷ ಬೀಜ ಮೊಳೆಯಲೇ ಇಲ್ಲವಂತೆ, ಅವಳು ಹದಿನೆಂಟು ತಿಂಗಳು ಬರೀ ಮಣ್ಣಿಗೆ ನೀರು ಹಾಕಿದ್ದಾಳೆ. ಹದಿನೆಂಟು ತಿಂಗಳು! ನಾನು ಒಂದು ಅಕ್ಷರ ನೋಡಿ ಎರಡು ಗಂಟೆಯಲ್ಲಿ ಮುಗಿಸಿದೆ. ಅವಳು ಬೇಡ ಅನ್ನಲು ಇದ್ದ ಒಂದೇ ಮಾತಿನಲ್ಲಿ ಮೂರು ಸಲ ಬೇಡ ಅಂದಿದ್ದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸನಿಕೆ ತಗೊಂಡು ಹೋಗುತ್ತಿದ್ದೇನೆ.

ಫೆಬ್ರವರಿ 3, ಬೆಳಿಗ್ಗೆ 9

ಸನಿಕೆ ಪ್ರಯೋಜನವಿಲ್ಲ. ನೆಲ ಹೆಪ್ಪುಗಟ್ಟಿದೆ, ಬೇರು ತುಂಡಾಗುತ್ತದೆ. ಊಟದ ಚಮಚದಲ್ಲಿ ಕೆದಕುತ್ತಿದ್ದೇನೆ. ನಿನ್ನೆ ಸಂಜೆಯವರೆಗೆ ಐದು ಸಿಕ್ಕಿತು.

ಫೆಬ್ರವರಿ 4, ಸಂಜೆ

ಹದಿಮೂರು. ಇನ್ನು ಸಿಗುವುದಿಲ್ಲ. ನಲ್ಲಿಯ ಹನಿ ಬೀಳುವ ಕಡೆ ಇದ್ದವು ಮೆತ್ತಗೆ, ಹಸಿಯಾಗಿ ಉಳಿದಿದ್ದವು. ಮೇಲಿನ ಒಣ ಕಡೆ ಉರುಳಿದವು ಕಡ್ಡಿಯಾಗಿವೆ. ಒಂದೊಂದು ಬೇರೂ ಕಿರುಬೆರಳಿನಷ್ಟಿದೆ, ಎರಡು ತುದಿಯೂ ಒಂದೇ ಥರ. ಯಾವುದು ತಲೆ, ಯಾವುದು ಕಾಲು ಅಂತ ನನಗೆ ಹೇಗೆ ತಿಳಿಯಬೇಕು?

ಬಕೆಟ್ಟಿನಲ್ಲಿ ಹಾಕಿಕೊಂಡು ಅಕ್ಕನ ಹಾಸಿಗೆಯ ಹತ್ತಿರ ಹೋದೆ. ಗೋಡೆ ನೋಡುತ್ತಿದ್ದವಳ ಬೆನ್ನಿಗೆ ಹೇಳಿದೆ. "ಅಕ್ಕಾ, ನಾನು ಮಡಿದಿದೆ ಅಂದ್ಕೊಂಡೆ. ಚೀಟಿ ಓದಿದ್ದು ನಾನು, ತಪ್ಪು ನನ್ನದು. ಹದಿಮೂರು ಹುಡುಕಿದ್ದೀನಿ. ತಲೆ ಯಾವುದು ಅಂತ ಗೊತ್ತಾಗ್ತಿಲ್ಲ. ಹೊಡಿ ಬೇಕಾದ್ರೆ, ಆದ್ರೆ ಈ ಕಡೆ ತಿರುಗು."

ಆಮೇಲೆ ತಿರುಗಿದಳು. ಎಬ್ಬಿಸಿ ದಿಂಬಿಗೆ ಒರಗಿಸಿದೆ, ಮಡಿಲಿಗೆ ಹಳೇ ಟವೆಲ್ ಹಾಸಿ ಬೇರುಗಳನ್ನು ಸುರಿದೆ. ಎಡಗೈಯಲ್ಲಿ ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಸವರಿ, ಬಟಾಣಿಗಿಂತ ಚಿಕ್ಕ ಗಂಟನ್ನು ನನ್ನ ಕಡೆ ಹಿಡಿದಳು. ಅದು ತಲೆ. ಹದಿಮೂರನ್ನೂ ಹಾಗೆ ಮಾಡಿದಳು. ಬೈಯಲಿಲ್ಲ. ಬೈಯಲು ಬರುತ್ತಿದ್ದರೆ ಬೈಯುತ್ತಿದ್ದಳೋ ಏನೋ, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

ಕುಂಡ ತುಂಬಿ, ಮ ಚೀಟಿಗಳನ್ನು ಮತ್ತೆ ಕಟ್ಟಿ ಬಂದ ಮೇಲೆ ಗಂಜಿ ಪೂರ್ತಿ ಕುಡಿದಳು. ಎಷ್ಟು ಹೊತ್ತು ಹಿಡಿಯಿತೋ, ಗಡಿಯಾರ ಕೈಯಲ್ಲಿರಲಿಲ್ಲ. ಮಣ್ಣಾಗುತ್ತದೆ ಎಂದು ನಲ್ಲಿಯ ಹತ್ತಿರ ಬಿಚ್ಚಿಟ್ಟಿದ್ದೆ.

ಮಾರ್ಚ್ 14, ಮಧ್ಯಾಹ್ನ

ಸಾಹೇಬರು ಬಂದಿದ್ದರು. ನರ್ಸರಿಯ ಮೇಲಧಿಕಾರಿ, ಕೆಳಗಿನ ದೊಡ್ಡ ಆಫೀಸಿನವರು. ಅಕ್ಕನ ಆರೋಗ್ಯ ವಿಚಾರಿಸಿ ನೇರ ಕಟ್ಟೆಗೆ ಹೋದರು. ಅಕ್ಕ ಕೋಲು ಹಿಡಿದು ಕಟ್ಟೆಯವರೆಗೆ ಬಂದಳು.

"ಇಪ್ಪತ್ತೊಂದಿರ್ಬೇಕಲ್ಲ? ಹದಿಮೂರೇ ಇದೆ."

ನನ್ನ ನಾಲಿಗೆ ಸಿದ್ಧವಾಗಿತ್ತು, ದಾರಿಯಲ್ಲಿ ಜೀಪಿನ ಸದ್ದು ಕೇಳಿದಾಗಲೇ ಸಿದ್ಧವಾಗಿತ್ತು. "ಈ ಸಲ ಹಿಮ ಜಾಸ್ತಿ ಬಿತ್ತು ಸಾರ್..." ಅಂತ ಶುರು ಮಾಡಿದೆ. ಅಕ್ಕನ ಕಡೆ ಕಣ್ಣು ಹೋಯಿತು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಸುಳ್ಳು ಹೇಳಿದರೆ ಅಲ್ಲ ಅನ್ನಲು ಅವಳಿಗೆ ಮಾತಿಲ್ಲ. ಮಾತಿಲ್ಲದವಳ ಎದುರು ನಿಂತು ಹೇಳಲಾಗಲಿಲ್ಲ.

"ಹಿಮ ಅಲ್ಲ ಸಾರ್, ನಾನು. ಮ ಅಂದ್ರೆ ಮಡಿದಿದೆ ಅಂದ್ಕೊಂಡು ಎಲ್ಲ ಎಸೆದುಬಿಟ್ಟೆ. ಆಮೇಲೆ ಹುಡುಕಿ ಇಷ್ಟು ತಂದೆ."

ಸಾಹೇಬರು ಬೋರಲು ಹಾಕಿದ್ದ ಕುಂಡದ ಮೇಲೆ ಕೂತುಬಿಟ್ಟರು. "ಅಮ್ಮಾ, ಆ ಹುಲ್ಲುಗಾವಲಿನ ಬೀಜ ಬೇರೆ ಯಾರ ಹತ್ರನೂ ಇಲ್ಲ. ಗೊತ್ತಾ ನಿಮಗೆ?" ಅಂದರು. ಕೂಗಲಿಲ್ಲ, ಅದಕ್ಕೇ ನಾಟಿತು. ಮತ್ತೆ ಎದ್ದು, ಉಳಿದದ್ದನ್ನಾದರೂ ಆಫೀಸಿನ ಗಾಜಿನ ಮನೆಗೆ ಒಯ್ಯುತ್ತೇನೆ ಎಂದು ಒಂದು ಕುಂಡಕ್ಕೆ ಕೈ ಹಾಕಿದರು. ಅಕ್ಕ ಕೋಲು ಬಿಟ್ಟು ಎಡಗೈಯಿಂದ ಕುಂಡದ ಅಂಚು ಹಿಡಿದಳು.

"ಆಮೇಲೆ," ಅಂದಳು.

ಜನವರಿ 10ರಿಂದ ಬಾಯಿ ಬಿಡದಿದ್ದವಳು. ಈ ಸಲದ ಆಮೇಲೆಗೆ ಅನುವಾದ ಬೇಕಾಗಲಿಲ್ಲ.

ಸಾಹೇಬರು ಕೈ ತೆಗೆದರು. "ಜೂನ್ ಹತ್ತು. ಅಷ್ಟರೊಳಗೆ ಒಂದಾದ್ರೂ ಎದ್ರೆ ಇಲ್ಲೇ ಇರ್ಲಿ, ನಿಮ್ಮ ಕೈಲೇ ಇರ್ಲಿ. ಇಲ್ಲಾಂದ್ರೆ ತಗೊಂಡು ಹೋಗ್ತೀನಿ, ಕೆಲಸ ಬೇರೆಯವರು ನೋಡ್ಕೋತಾರೆ."

ಅಕ್ಕನಿಗೆ ಇನ್ನೇನೂ ಇಲ್ಲ. ಆ ಕುಂಡಗಳು ಜೀಪು ಹತ್ತಿದರೆ ಅವಳು ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ. ಆಗ ನಾನು ಯಾವ ಬಕೆಟ್ ತಗೊಂಡು ಹೋಗಲಿ? ಎಂಬತ್ತೆಂಟು ದಿನ ಉಳಿದಿದೆ.

ಮಾರ್ಚ್ 30

ಏನೂ ಇಲ್ಲ.

ಏಪ್ರಿಲ್ 2

ಏನೂ ಇಲ್ಲ. ದಿನಕ್ಕೆ ಹತ್ತು ಸಲ ನೋಡಿದರೆ ಹತ್ತು ಸಲ ಏನೂ ಇಲ್ಲ. ನೋಡದೆ ಇರಲು ಆಗುತ್ತಿಲ್ಲ. ನಾನು ಒಳಗೆ ಬಂದ ಗಳಿಗೆಯಲ್ಲೇ ಏನಾದರೂ ಎದ್ದರೆ?

ಏಪ್ರಿಲ್ 6, ಮಧ್ಯಾಹ್ನ

ಮಾಡಬಾರದ್ದು ಮಾಡಿದೆ, ಅದರಿಂದ ಒಂದು ಒಳ್ಳೆಯದಾಯಿತು. ಇದನ್ನು ಯಾವ ಲೆಕ್ಕಕ್ಕೆ ಹಾಕುವುದೋ.

ಮೂರು ದಿನದಿಂದ ಕದ್ದು ಕದ್ದು ಕುಂಡದ ಮಣ್ಣು ಸರಿಸಿ ಗಂಟು ಉಬ್ಬಿದೆಯಾ ಎಂದು ನೋಡುತ್ತಿದ್ದೆ. ಇವತ್ತು ಒಂದನ್ನು ಬೆರಳಿಂದ ಎತ್ತೇಬಿಟ್ಟೆ, ಅಡಿಯಲ್ಲಿ ಹೊಸ ಬೇರು ಬಂದಿರಬಹುದೇ ಎಂದು. ಹಿಂದೆ ಕೋಲಿನ ಸದ್ದು ಕೇಳಿಸಲಿಲ್ಲ. ಮುಂಗೈ ಮೇಲೆ ಪಟ್ ಅಂತ ಒಂದು ಏಟು ಬಿತ್ತು.

"ಬೇಡ!"

ಇಬ್ಬರೂ ಹಾಗೇ ನಿಂತೆವು. ಅವಳೂ ತನ್ನ ಬಾಯಿಯಿಂದ ಬಂದದ್ದು ಏನು ಎಂಬಂತೆ ನನ್ನನ್ನು ನೋಡಿದಳು.

"ಏನಂದೆ?"

"ಬೇಡ," ಅಂದಳು ಮತ್ತೆ. ನಗು ಬಂತು, ಅರ್ಧ ಬಾಯಿಯಲ್ಲಿ. ನನಗೆ ಅಳು ಬಂತು, ಪೂರ್ತಿ ಬಾಯಿಯಲ್ಲಿ.

ಟೀಚರಿಗೆ ಫೋನು ಮಾಡಿದೆ. "ಮೂರು ತಿಂಗಳಿಂದ ನಾನು ಬೆಕ್ಕು ತೋರಿಸ್ತಿದ್ದೀನಿ, ನೀವೇನು ಮಾಡಿದ್ರಿ?" ಅಂದರು.

"ತಪ್ಪು ಮಾಡಿದೆ," ಅಂದೆ.

"ಹಾಗಾದ್ರೆ ಇನ್ನೂ ನಾಲ್ಕು ಮಾಡಿ."

ಎತ್ತಿದ ಬೇರನ್ನು ಅಕ್ಕ ಮತ್ತೆ ಹುಗಿದಳು. ಅದರಲ್ಲಿ ನಿಜವಾಗಿಯೂ ಹೊಸ ಬೇರಿತ್ತು, ದಾರದ ಎಳೆಯಷ್ಟು, ಬೆಳ್ಳಗೆ. ನಾನು ಎತ್ತಿದ್ದಕ್ಕೆ ಅರ್ಧ ಕಿತ್ತುಹೋಗಿತ್ತು.

ಏಪ್ರಿಲ್ 25

ಎತ್ತಿದ ಗಿಡ ಕೊಳೆಯಿತು. ಜೊತೆಗೆ ಇನ್ನೆರಡು. ಹತ್ತು ಉಳಿದಿವೆ.

ಅಕ್ಕನಿಗೆ ಹೇಳಿದೆ. ಬೇಡ ಅಂತ ತಲೆ ಆಡಿಸಿ ನನ್ನ ಬೆನ್ನು ತಟ್ಟಿದಳು. ನಾನು ಅವಳ ಆರೈಕೆಗೆ ಬಂದವಳು.

ಮೇ 12

ನೀರು ಹಾಕುವುದನ್ನು ಅವಳು ಕಲಿಸಿದ್ದಾಳೆ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಬಿಡಬೇಕು, ಅದು ತಾನೇ ಅಡಿಯಿಂದ ಕುಡಿಯಬೇಕು. ಮೇಲಿನ ಮಣ್ಣಿನ ಬಣ್ಣ ಬದಲಾಗುವವರೆಗೆ ಪಕ್ಕದಲ್ಲಿ ಕೂರಬೇಕು. ಮೊದಮೊದಲು ಆ ಹೊತ್ತಿನಲ್ಲಿ ಪಾತ್ರೆ ತೊಳೆದು ಬರುತ್ತಿದ್ದೆ, ಬರುವಷ್ಟರಲ್ಲಿ ಹೆಚ್ಚಾಗಿ ನೆನೆದಿರುತ್ತಿತ್ತು. ಈಗ ಕೂರುತ್ತೇನೆ. ಅಕ್ಕ ಕುರ್ಚಿಯಲ್ಲಿ, ನಾನು ಕಟ್ಟೆಯ ಮೇಲೆ. ಮಾತಿಲ್ಲ. ಅವಳಿಗೆ ಇಲ್ಲ, ನನಗೆ ಬೇಕಾಗಿಲ್ಲ.

ನಲ್ಲಿ ರಿಪೇರಿಯವನು ಕೊನೆಗೂ ಬಂದ. ಹೊರಟುಹೋಗಪ್ಪ, ಹಾಗೇ ಇರಲಿ ಅಂದೆ. ಇಷ್ಟು ಫೋನು ಮಾಡಿದ್ದು ಯಾಕೆ ಅಂತ ಗೊಣಗಿಕೊಂಡು ಹೋದ. ಆ ಹನಿ ಬೀಳದಿದ್ದರೆ ಹದಿಮೂರೂ ಸಿಗುತ್ತಿರಲಿಲ್ಲ.

ಮೇಲೆ ಏನೂ ಇಲ್ಲ ಇನ್ನೂ.

ಮೇ 29

ಡಿಪೋದಿಂದ ಪತ್ರ. ಜೂನ್ ಹದಿನೇಳಕ್ಕೆ ರಜೆ ಮುಗಿಯುತ್ತದೆ, ಹದಿನೆಂಟಕ್ಕೆ ಹಾಜರಾಗುತ್ತೀರೋ ರಜೆ ಮುಂದುವರಿಸುತ್ತೀರೋ ತಿಳಿಸಿ ಅಂತ. ಕೆಳಗೆ ಒಬ್ಬ ಡ್ರೈವರ್ ಪೆನ್ನಿನಲ್ಲಿ ಗೀಚಿದ್ದಾನೆ: "ವಿಷಲಮ್ಮ, ಬೇಗ ಬನ್ನಿ, ಎಲ್ಲ ಬಸ್ಸೂ ತ."

ಓದಿ ನಗು ಬಂತು. ನಾಲ್ಕು ತಿಂಗಳ ಹಿಂದೆ ಈ ಪತ್ರ ಬಂದಿದ್ದರೆ ಅವತ್ತೇ ಪೆಟ್ಟಿಗೆ ಕಟ್ಟುತ್ತಿದ್ದೆ. ಆಮೇಲೆ ತಿಳಿಸುತ್ತೇನೆ ಎಂದು ಉತ್ತರ ಬರೆದು ಹಾಕಿದೆ.

ಹನ್ನೆರಡು ದಿನ ಉಳಿದಿದೆ.

ಜೂನ್ 4

ಏನೂ ಇಲ್ಲ. ಅಕ್ಕ ಇವತ್ತು ಹತ್ತೂ ಕುಂಡದ ಮ ಚೀಟಿಗಳ ಧೂಳು ಒರೆಸಿ ನೇರ ಮಾಡಿದಳು. ಅವಳ ಮುಖದಲ್ಲಿ ಚಿಂತೆ ಕಾಣಲಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಅಮ್ಮ ಅವಳನ್ನೇ ನೋಡಿ ಹೇಳುತ್ತಿದ್ದದ್ದು. ನಾನು ಮಾತ್ರ ಮೂರು ದಿನದಿಂದ ಸರಿಯಾಗಿ ಕಣ್ಣು ಮುಚ್ಚಿಲ್ಲ.

"ಅಕ್ಕಾ, ಏಳದಿದ್ರೆ?" ಅಂದೆ.

"ಆಮೇಲೆ," ಅಂದಳು. ಅಂದರೆ, ಅದನ್ನು ಆಗ ನೋಡೋಣ.

ಜೂನ್ 8, ಬೆಳಿಗ್ಗೆ

ಎದ್ದಿದೆ!

ಎದ್ದಿದೆ ಎದ್ದಿದೆ. ಎಡಗಡೆಯಿಂದ ನಾಲ್ಕನೆಯದು. ಅಕ್ಕಿಕಾಳಿನಷ್ಟು ಹಸಿರು ಮೂಗು, ಮಣ್ಣನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿ ನಿಂತಿದೆ. ಹೌದೋ ಅಲ್ಲವೋ ಅಂತ ಅಕ್ಕನನ್ನು ಕರೆದೆ. ಬಗ್ಗಿ ನೋಡಿದಳು, ಮಣ್ಣನ್ನು ಮುಟ್ಟಲಿಲ್ಲ. ನನ್ನ ಕೆನ್ನೆ ಮುಟ್ಟಿದಳು.

ಹೊಸ ಚೀಟಿಗೆ ಎ ಅಂತ ಬರೆದು ಕಟ್ಟಿದೆ. ಬರೆಯುವಾಗ ಸೀಸದ ಕಡ್ಡಿ ಎರಡು ಸಲ ಮುರಿಯಿತು.

ಜೂನ್ 10

ಸಾಹೇಬರು ಬರುವ ಹೊತ್ತಿಗೆ ನಾಲ್ಕು ಎದ್ದಿದ್ದವು. ಎಣಿಸಿದರು, ಎರಡು ಸಲ ಎಣಿಸಿದರು. ಈ ವರ್ಷ ಹೂವಿನ ಆಸೆ ಬೇಡ, ಬೇರಿಗೆ ಪೆಟ್ಟು ಬಿದ್ದಿದೆ ಅಂದರು. ಉಳಿದ ಆರು ಇನ್ನೂ ಏಳಬಹುದಾ ಎಂದು ಕೇಳಿದೆ. ಏಳಬಹುದು, ಮುಂದಿನ ವರ್ಷ ಏಳುವುದೂ ಉಂಟು, ಏಳದೆಯೂ ಇರಬಹುದು ಅಂದರು. ಹನ್ನೊಂದು ಹೋದವು. ಅವು ಹೋದದ್ದು ನನ್ನಿಂದ, ನಾಲ್ಕು ಎದ್ದ ಸಂಭ್ರಮದಲ್ಲಿ ಅದು ಮುಚ್ಚಿಹೋಗುವುದಿಲ್ಲ.

"ಇವನ್ನ ಕುಂಡದಿಂದ ತೆಗೆದು ಬೇರೆ ಜೌಗಿಗೆ ನೆಡೋದು ಯಾವಾಗ ಸಾರ್?"

ಸಾಹೇಬರು ಅಕ್ಕನ ಕಡೆ ತಿರುಗಿದರು. ಉತ್ತರ ಅವಳೇ ಕೊಡಲಿ ಎಂದು ಕಾದರು. ಅವಳು ಬಹಳ ಹೊತ್ತು ತುಟಿ ಅಲ್ಲಾಡಿಸಿದಳು, ಬೇರೆ ಏನೋ ಬರುತ್ತದೆ ಎಂದುಕೊಂಡೆ.

"ಆಮೇಲೆ," ಅಂದಳು ಕೊನೆಗೆ. ಮೂವರೂ ನಕ್ಕೆವು.

ಖಾಲಿ ಜೀಪು ಇಳಿದುಹೋಯಿತು.

ಜೂನ್ ಮಧ್ಯೆ, ಭಾನುವಾರವಿರಬೇಕು

ಒಂದು ತಮಾಷೆ ಬರೆದಿಡಬೇಕು.

ಊಟವಾದ ಮೇಲೆ ಕುಂಡಗಳನ್ನು ತಟ್ಟೆಯಲ್ಲಿಟ್ಟು ಅಕ್ಕನ ಕುರ್ಚಿಯಲ್ಲಿ ಕೂತೆ. ಅವಳು ಹಾಸಿಗೆಯಲ್ಲಿದ್ದಳು. ಬಿಸಿಲು ಮಂಡಿಯವರೆಗೆ ಬಂದದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಹಗಲು ನಿದ್ದೆ ಮಾಡಿದವಳಲ್ಲ ನಾನು, ಹೆತ್ತವಳೂ ನೋಡಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಎದುರು ಗೋಡೆಗೆ ಹೋಗಿತ್ತು. ಕುಂಡಗಳನ್ನು ಯಾರೋ ತಟ್ಟೆಯಿಂದ ಎತ್ತಿ ಕಟ್ಟೆಗೆ ಇಟ್ಟಿದ್ದರು. ಯಾರೋ ಏನು, ಕೋಲು ಬಿಟ್ಟು, ಕಟ್ಟೆಗೆ ಒರಗಿಕೊಂಡು, ಒಂದೊಂದನ್ನೇ ಎಡಗೈಯಲ್ಲಿ ಹಿಡಿದು ಹತ್ತು ಸಲ ಓಡಾಡಿದ್ದಾಳೆ. ನನಗೆ ಎಚ್ಚರವಾಗಿಲ್ಲ.

ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು, ಅರ್ಧ ಬಾಯಿಯ ನಗು. ಚಿಕ್ಕವರಿದ್ದಾಗ ನನ್ನ ಜಡೆಯನ್ನು ಕಿಟಕಿ ಸರಳಿಗೆ ಕಟ್ಟಿ ಹೀಗೇ ಕೂರುತ್ತಿದ್ದಳು. ಏನೋ ಮಾಡಿದ್ದಾಳೆ ಅಂದುಕೊಂಡು ಮೈ ನೋಡಿಕೊಂಡೆ. ಸ್ವೆಟರಿನ ಎರಡನೇ ಗುಂಡಿಗೆ ತಂತಿ ಸುತ್ತಿತ್ತು, ತಂತಿಯಲ್ಲಿ ಒಂದು ಚೀಟಿ ತೂಗುತ್ತಿತ್ತು.

ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಒಂದಕ್ಷರ. ಮೊದಲ ದಿನ ಶಾಲೆಗೆ ಹೋದ ಮಗು ಬರೆದ ಹಾಗೆ ಸೊಟ್ಟಗೆ, ಹೊಟ್ಟೆ ಒಡೆದು, ಚೀಟಿಯ ಅಂಚು ದಾಟಿ. ಲಕ್ವ ಹೊಡೆದ ಮೇಲೆ ಅವಳು ಬರೆದ ಮೊದಲ ಅಕ್ಷರ. ಆದರೆ ಓದಲು ಏನೂ ತೊಂದರೆಯಾಗಲಿಲ್ಲ.

ಮ.

ಟೀಚರಿಗೆ ತೋರಿಸಬೇಕು. ಡಿಪೋಗೆ ಒಂದು ಕಾಗದ ಬರೆಯುವುದಿದೆ. ಚೀಟಿ ಬಿಚ್ಚಬೇಕು. ಆಮೇಲೆ ಬಿಚ್ಚಿದರಾಯಿತು.